8372ರ ಮುಂದಿನ ಮೂರು ಚುಕ್ಕಿ

ಜುಲೈ 9, ಬೆಳಗಿನ ಹೊತ್ತು. ಬೋಸ್ನಿಯಾದ ರಾಜಧಾನಿ ಸರಾಯೆವೊದ ನಡುಬೀದಿಯಲ್ಲಿ, ಅಧ್ಯಕ್ಷರ ಕಚೇರಿಯ ಎದುರು, ಜನ ಎರಡೂ ಬದಿಗೆ ಸಾಲುಗಟ್ಟಿ ನಿಂತಿದ್ದಾರೆ. ಮಾತಿಲ್ಲ. ಕೈಯಲ್ಲಿ ಹೂವು. ತಿರುವಿನಿಂದ ಲಾರಿಯೊಂದು ಮೆಲ್ಲಗೆ, ನಡೆಯುವವರ ವೇಗದಲ್ಲಿ ಬರುತ್ತದೆ. ಹತ್ತಿರ ಬಂದಂತೆ ವಯಸ್ಸಾದ ಹೆಂಗಸೊಬ್ಬರು ಸಾಲು ಬಿಟ್ಟು ಮುಂದೆ ಬರುತ್ತಾರೆ. ಅಂಗೈಯನ್ನು ಲಾರಿಯ ಪಕ್ಕಕ್ಕೆ ಒತ್ತಿ ಹಿಡಿದು, ಅದರ ಜೊತೆಗೇ ನಾಲ್ಕು ಹೆಜ್ಜೆ ನಡೆಯುತ್ತಾರೆ. ಹಿಂದೆ ನಿಂತವರು ತಮ್ಮ ಹೂವನ್ನು ಹಗ್ಗದ ಸಂದಿಗೆ ಸಿಕ್ಕಿಸುತ್ತಾರೆ. ಒಬ್ಬ ಹುಡುಗ ಹೊದಿಕೆಗೆ ಹಣೆಯಿಡುತ್ತಾನೆ. ಬೀದಿಯ ಕೊನೆ ತಲುಪುವಷ್ಟರಲ್ಲಿ ಲಾರಿಯ ಮೈಯೆಲ್ಲ ಹೂವಾಗಿರುತ್ತದೆ.

ಒಳಗಿರುವುದು ಹಸಿರು ಬಟ್ಟೆ ಸುತ್ತಿದ ಕಿರಿದಾದ ಪೆಟ್ಟಿಗೆಗಳು. ಅಲ್ಲಿನವರು ಅದಕ್ಕೆ ತಾಬೂತ್ ಅನ್ನುತ್ತಾರೆ. ಮೊಹರಂ ನೋಡಿ ಬೆಳೆದ ನಮ್ಮ ಹಳ್ಳಿಗಳ ಕಿವಿಗೆ ಈ ಪದ ಹೊಸದಲ್ಲ. ಗೋರಿಯ ತಲೆಗಲ್ಲಿಗೆ ಅವರು ಹೇಳುವ ನಿಶಾನ್ ಎಂಬ ಹೆಸರೂ ನಮ್ಮ ನಿಶಾನೆಯ ಒಡಹುಟ್ಟು. ಅಂತಿಮ ನಮಾಜಿಗೆ ಜೆನಾಜಾ ಅಂದಾಗ ನಮ್ಮೂರಿನ ಜನಾಜಾ ಕೇಳಿಸುತ್ತದೆ. ಅರಬ್ಬಿ, ಪಾರಸಿ ಮಾತುಗಳು ಒಂದು ಕಡೆ ದಖ್ಖನಿಗೂ ಇನ್ನೊಂದು ಕಡೆ ಬಾಲ್ಕನ್ ಬೆಟ್ಟಗಳಿಗೂ ನಡೆದುಹೋದ ದಾರಿ ಅದು. ಸಾವಿನ ಮನೆಯ ಪದಗಳು ಇಷ್ಟು ಪರಿಚಿತವಾಗಿರುವಾಗ ಆ ಊರು ದೂರದ್ದು ಅನ್ನಲು ನನಗೆ ನಾಲಗೆ ಬರುವುದಿಲ್ಲ.

ಈ ತಾಬೂತುಗಳು ಹಗುರ. ಒಳಗೆ ದೇಹವಿಲ್ಲ, ಮೂಳೆಗಳಿವೆ. ಕೆಲವದರಲ್ಲಿ ಪೂರ್ತಿ ಅಸ್ಥಿಪಂಜರ, ಕೆಲವದರಲ್ಲಿ ತೊಡೆಯ ಮೂಳೆಯೊಂದು, ದವಡೆಯ ಚೂರೊಂದು. 2010ರಲ್ಲಿ ಹೀಗೆ 775 ಜನರನ್ನು ಒಂದೇ ದಿನ ಮಣ್ಣು ಮಾಡಿದರು. 2025ರಲ್ಲಿ ಏಳು ಜನ. ಆ ಏಳರಲ್ಲಿ ಇಬ್ಬರು ಸಾಯುವಾಗ ಹತ್ತೊಂಬತ್ತರ ಹುಡುಗರು. ಮೂವತ್ತು ವರ್ಷ ಕಾದು ಮಣ್ಣು ಸೇರಿದರು.

ಲಾರಿ ಪೂರ್ವಕ್ಕೆ, ದ್ರಿನಾ ನದಿಯ ಕಡೆಯ ಬೆಟ್ಟಗಳಿಗೆ ಹೋಗುತ್ತದೆ. ಪೈನ್ ಮರಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಸ್ರೆಬ್ರೆನಿತ್ಸಾ. ಹೆಸರಿನ ಅರ್ಥದಲ್ಲೇ ಬೆಳ್ಳಿ ಇದೆ. ಹಿಂದೆ ಬೆಳ್ಳಿಯ ಗಣಿಗಳಿದ್ದ ಊರು. ಅದಕ್ಕಿಂತ ಸ್ವಲ್ಪ ಮೊದಲು ರಸ್ತೆಯ ಬದಿಗೆ ಪೊತೊಚಾರಿ ಎಂಬ ಹಳ್ಳಿ. ಅಲ್ಲೊಂದು ಹಳೆಯ ಬ್ಯಾಟರಿ ಕಾರ್ಖಾನೆ: ಎತ್ತರದ ಛಾವಣಿ, ತುಕ್ಕು ಹಿಡಿದ ಕಬ್ಬಿಣ, ಸಿಮೆಂಟಿನ ನೆಲ. ತಾಬೂತುಗಳನ್ನು ಈ ನೆಲದ ಮೇಲೆ ಸಾಲಾಗಿ ಇಳಿಸುತ್ತಾರೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ಹೆಸರು. ಮನೆಯವರು ಬಂದು ತಮ್ಮವರ ಸಂಖ್ಯೆ ಹುಡುಕಿ, ಅದರ ಪಕ್ಕದಲ್ಲಿ ನೆಲಕ್ಕೇ ಕುಳಿತುಬಿಡುತ್ತಾರೆ. ಮಗುವನ್ನು ಮಲಗಿಸಿದ ಕೋಣೆಯಲ್ಲಿ ಹೇಗೋ ಹಾಗೆ ಪಿಸುಮಾತಿನಲ್ಲಿ ಮಾತಾಡುತ್ತಾರೆ.

ಇದೇ ಕಾರ್ಖಾನೆಯಲ್ಲಿ 1995ರಲ್ಲಿ ವಿಶ್ವಸಂಸ್ಥೆಯ ಡಚ್ ಶಾಂತಿಪಡೆ ಬೀಡುಬಿಟ್ಟಿತ್ತು. ಬೋಸ್ನಿಯಾದ ಯುದ್ಧದ ನಡುವೆ, 1993ರ ಏಪ್ರಿಲ್‌ನಲ್ಲಿ ಭದ್ರತಾ ಮಂಡಳಿಯೇ ಸ್ರೆಬ್ರೆನಿತ್ಸಾವನ್ನು 'ಸುರಕ್ಷಿತ ಪ್ರದೇಶ' ಎಂದು ಸಾರಿತ್ತು. ಸುತ್ತಲಿನ ಹಳ್ಳಿಗಳಿಂದ ಮನೆ ಸುಟ್ಟುಹೋಗಿ ಓಡಿಬಂದ ಬೋಸ್ನಿಯಾಕ್ ಮುಸ್ಲಿಮರು ಆ ಮಾತನ್ನು ನಂಬಿ ಇಲ್ಲಿ ತುಂಬಿಕೊಂಡಿದ್ದರು. 1995ರ ಜುಲೈ 11ರಂದು ರಾತ್ಕೊ ಮ್ಲಾದಿಚ್‌ನ ಬೋಸ್ನಿಯನ್ ಸರ್ಬ್ ಸೇನೆ ಊರನ್ನು ಹೊಕ್ಕಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು, ಮಕ್ಕಳು, ಮುದುಕರು, ನೀಲಿ ಬಾವುಟ ಕಾಣುವ ಕಡೆಗೆ ಓಡಿದರು. ಕಾರ್ಖಾನೆಯ ಬೇಲಿಯೊಳಗೆ ಐದು ಸಾವಿರದಷ್ಟು ಜನರಿಗೆ ಜಾಗ ಸಿಕ್ಕಿತು. ಉಳಿದವರು ಹೊರಗೆ, ಹೊಲಗಳಲ್ಲಿ, ಜುಲೈ ಬಿಸಿಲಿನಲ್ಲಿ, ನೀರಿಲ್ಲದೆ ಉಳಿದರು.

ಮರುದಿನ ಮ್ಲಾದಿಚ್ ಕ್ಯಾಮೆರಾ ಜೊತೆಗಿಟ್ಟುಕೊಂಡೇ ಬಂದ. ಮಕ್ಕಳಿಗೆ ಚಾಕೊಲೇಟ್ ಹಂಚಿದ, ಹೆದರಬೇಡಿ ಅಂದ. ಆ ದೃಶ್ಯ ಇಂದಿಗೂ ನೋಡಸಿಗುತ್ತದೆ. ಒಂದು ಮಗುವಿನ ಕೆನ್ನೆ ತಟ್ಟುವುದೂ ಅದರಲ್ಲಿದೆ. ಕ್ಯಾಮೆರಾ ಆರಿದ ಮೇಲೆ ಬಸ್ಸುಗಳ ಬಾಗಿಲಲ್ಲಿ ಸೈನಿಕರು ನಿಂತರು. ಹೆಂಗಸರು, ಚಿಕ್ಕ ಮಕ್ಕಳು ಬಸ್ಸಿಗೆ. ಗಂಡಸರು, ಮೀಸೆ ಮೂಡದ ಹುಡುಗರು ಪಕ್ಕಕ್ಕೆ. ರಸ್ತೆಯಾಚೆಯ ಒಂದು ಮನೆಗೆ ಅವರನ್ನು ನೂಕುವ ಮೊದಲು ಕೈಚೀಲ, ಗುರುತಿನ ಚೀಟಿ ಎಲ್ಲವನ್ನೂ ಹೊರಗೇ ಹಾಕಿಸಿದರು. ಗುರುತಿನ ಚೀಟಿಗಳ ಆ ರಾಶಿ ಕಂಡಾಗಲೇ ಮುಂದಿನದು ತಿಳಿಯಬೇಕಿತ್ತು. ಬದುಕುವವನಿಗೆ ಹೆಸರು ಬೇಕಾಗುತ್ತದೆ.

ಬೇಲಿಯೊಳಗೆ ವಿಶ್ವಸಂಸ್ಥೆಯ ದುಭಾಷಿಯಾಗಿದ್ದ ಹಸನ್ ನುಹಾನೊವಿಚ್ ಎಂಬ ಯುವಕನಿದ್ದ. ಅವನ ಅಪ್ಪ, ಅಮ್ಮ, ತಮ್ಮ ಕೂಡ ಒಳಗೇ ಇದ್ದರು. ನೌಕರಿಯ ಚೀಟಿ ಇದ್ದದ್ದರಿಂದ ಅವನು ಉಳಿಯಬಹುದು, ಮನೆಯವರು ಹೋಗಬೇಕು ಅಂದರು ಡಚ್ ಅಧಿಕಾರಿಗಳು. ಆ ಆದೇಶವನ್ನು ತನ್ನ ಭಾಷೆಗೆ ತಿರುಗಿಸಿ ಮನೆಯವರಿಗೆ ಹೇಳಬೇಕಾದವನು ಅವನೇ. ಮೂವರೂ ಗೇಟು ದಾಟಿ ಹೋದರು, ಮರಳಲಿಲ್ಲ. ಹತ್ತಾರು ವರ್ಷ ಕೋರ್ಟಿಗೆ ಅಲೆದ ಮೇಲೆ, 2013ರಲ್ಲಿ ನೆದರ್ಲೆಂಡ್ಸ್‌ನ ಸರ್ವೋಚ್ಚ ನ್ಯಾಯಾಲಯ ಈ ಮೊಕದ್ದಮೆಗಳಲ್ಲಿ ತನ್ನ ದೇಶವೇ ಹೊಣೆ ಎಂದು ತೀರ್ಪು ಕೊಟ್ಟಿತು.

ಪೊತೊಚಾರಿಗೆ ಬಾರದೆ ಕಾಡು ಹಿಡಿದವರದು ಇನ್ನೊಂದು ಕಥೆ. ಹತ್ತು ಸಾವಿರಕ್ಕೂ ಹೆಚ್ಚು ಗಂಡಸರು ಒಬ್ಬರ ಹಿಂದೊಬ್ಬರು ಸಾಲು ಹಿಡಿದು, ಬೋಸ್ನಿಯಾ ಸರ್ಕಾರದ ಹಿಡಿತದಲ್ಲಿದ್ದ ತುಜ್ಲಾ ಕಡೆಗೆ ರಾತ್ರಿ ಹೊರಟರು. ದಾರಿಯುದ್ದಕ್ಕೂ ಗುಂಡು, ಶೆಲ್ಲು, ಹೊಂಚು. ಶರಣಾದರೆ ಏನೂ ಮಾಡುವುದಿಲ್ಲ ಎಂಬ ಕೂಗು ನಂಬಿ ಕೆಳಗಿಳಿದವರನ್ನು ಕ್ರಾವಿತ್ಸಾದ ಗೋದಾಮಿಗೆ, ಶಾಲೆಗಳಿಗೆ, ಹೊಲಗಳಿಗೆ ಒಯ್ದರು. ಗೋದಾಮಿನಲ್ಲಿ ಜುಲೈ 13ರ ಒಂದೇ ಸಂಜೆಯಲ್ಲಿ ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಬ್ರಾನ್ಯೆವೊ ಎಂಬ ಸೇನಾ ತೋಟದಲ್ಲಿ ಬಸ್ಸಿನ ಮೇಲೆ ಬಸ್ಸು ಬಂದಿತು. ಅಲ್ಲಿ ಗುಂಡು ಹಾರಿಸಿದವರಲ್ಲಿ ಒಬ್ಬನಾದ ದ್ರಾಜೆನ್ ಎರ್ದೆಮೊವಿಚ್ ಮುಂದೆ ತಾನಾಗಿ ತಪ್ಪೊಪ್ಪಿಕೊಂಡ. ಎಷ್ಟು ಜನರನ್ನು ಕೊಂದೆ ಅನ್ನುವುದನ್ನು ಅವನೂ ಅಂದಾಜಿನಲ್ಲೇ ಹೇಳಬೇಕಾಯಿತು.

ಕೊಂದದ್ದು ಒಂದು ಪಾಪ. ಆಮೇಲೆ ಮಾಡಿದ್ದನ್ನು ಏನೆಂದು ಕರೆಯಬೇಕೋ ನನಗೆ ತೋಚದು. ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಸಾಮೂಹಿಕ ಗುಂಡಿಗಳನ್ನು ಯಂತ್ರಗಳಿಂದ ಮತ್ತೆ ಅಗೆದರು. ಅರೆಕೊಳೆತ ದೇಹಗಳನ್ನು ಟ್ರಕ್ಕುಗಳಿಗೆ ತುಂಬಿ ರಾತ್ರೋರಾತ್ರಿ ದೂರದ ಹಳ್ಳಗಳಲ್ಲಿ ಮುಚ್ಚಿದರು. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಹೊಸ ಮಣ್ಣು ಕಂಡಿತ್ತು, ಸಾಕ್ಷಿ ಅಳಿಸಬೇಕಿತ್ತು. ಯಂತ್ರದ ಹಲ್ಲಿಗೆ ಸಿಕ್ಕಿ ದೇಹಗಳು ತುಂಡಾದವು, ಒಂದರೊಳಗೊಂದು ಬೆರೆತವು. ಒಬ್ಬನದೇ ಮೂಳೆಗಳು ಹಲವು ಕಿಲೋಮೀಟರ್ ದೂರದೂರದ ಗುಂಡಿಗಳಲ್ಲಿ ಸಿಕ್ಕಿದ್ದುಂಟು.

ಆದ್ದರಿಂದ ತುಜ್ಲಾ ಪಟ್ಟಣದಲ್ಲಿ ಮೂಳೆಗಳನ್ನು ಎಣಿಸುವ ಕೆಲಸ ಶುರುವಾಯಿತು. ಮೊದಮೊದಲು ತಾಯಂದಿರ ಮುಂದೆ ಬಟ್ಟೆಗಳನ್ನು, ಚಿತ್ರಗಳ ಪುಸ್ತಕವನ್ನು ಇಡುತ್ತಿದ್ದರು. ತಾನೇ ಹಾಕಿದ ತೇಪೆ, ತಾನೇ ಹೆಣೆದ ಸ್ವೆಟರು ನೋಡಿ ಗುರುತು ಹೇಳಬೇಕು. ಕಾಣೆಯಾದವರ ಅಂತರರಾಷ್ಟ್ರೀಯ ಆಯೋಗ ಆಮೇಲೆ ಡಿಎನ್‌ಎ ಪರೀಕ್ಷೆಗೆ ಕೈಹಾಕಿತು. ಬದುಕುಳಿದ ನಂಟರು ಬೆರಳು ಚುಚ್ಚಿಸಿಕೊಂಡು ಒಂದೊಂದು ಹನಿ ರಕ್ತ ಕೊಟ್ಟರು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ. 2001ರ ನವೆಂಬರ್‌ನಲ್ಲಿ ಮೊದಲ ಹೆಸರು ಸಿಕ್ಕಿತು, ಹದಿನೈದರ ಹುಡುಗ. ಈಗ ಸುಮಾರು ಏಳು ಸಾವಿರ ಜನರಿಗೆ ಅವರವರ ಹೆಸರು ಮರಳಿದೆ. ಸಾವಿರದಷ್ಟು ಜನ ಇನ್ನೂ ಸಿಕ್ಕಿಲ್ಲ.

ಫೋನು ಬರುತ್ತದೆ: ನಿಮ್ಮ ಮಗನದು ಸಿಕ್ಕಿದೆ. ಆಮೇಲೆ ತಾಯಿ ಒಂದು ತೀರ್ಮಾನ ಮಾಡಬೇಕು. ಸಿಕ್ಕಿರುವುದು ಎರಡು ಮೂಳೆ. ಈ ಜುಲೈಗೇ ಮಣ್ಣು ಮಾಡುವುದೇ, ಉಳಿದದ್ದು ಸಿಗಲಿ ಎಂದು ಕಾಯುವುದೇ? ಕಾಯೋಣವೆಂದರೆ ತನಗೆಷ್ಟು ದಿನ ಉಳಿದಿದೆಯೋ. ಇದನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ. ಜಗತ್ತಿನ ಯಾವ ಕಾಗದದ ಮೇಲೂ ಯಾವ ತಾಯಿಯೂ ಈ ಸಹಿ ಹಾಕುವಂತಾಗಬಾರದಿತ್ತು.

ಮಣ್ಣು ಮಾಡುವುದೆಲ್ಲಿ ಅನ್ನುವುದಕ್ಕೂ ಹೋರಾಟ ನಡೆಯಿತು. ಯುದ್ಧ ಮುಗಿಸಿದ ಡೇಟನ್ ಒಪ್ಪಂದದಲ್ಲಿ ಸ್ರೆಬ್ರೆನಿತ್ಸಾ ಸರ್ಬರ ಆಡಳಿತದ ಭಾಗಕ್ಕೆ ಸೇರಿತ್ತು. ಮಕ್ಕಳನ್ನು ನಮ್ಮಿಂದ ಬೇರ್ಪಡಿಸಿದ ಜಾಗದಲ್ಲೇ ಮಲಗಿಸುತ್ತೇವೆ ಎಂದು ತಾಯಂದಿರು ಪಟ್ಟು ಹಿಡಿದರು. 2000ದಲ್ಲಿ, ಆ ಒಪ್ಪಂದದ ಜಾರಿ ನೋಡಿಕೊಳ್ಳುವ ಅಂತರರಾಷ್ಟ್ರೀಯ ಉನ್ನತ ಪ್ರತಿನಿಧಿ ವೊಲ್ಫ್‌ಗಾಂಗ್ ಪೆಟ್ರಿಚ್ ತಮ್ಮ ಅಧಿಕಾರ ಬಳಸಿ ಪೊತೊಚಾರಿಯ ಜಾಗ ಗೊತ್ತುಮಾಡಿದರು. 2003ರ ಮಾರ್ಚ್ 31ರಂದು ಮೊದಲ 600 ಜನರನ್ನು ಮಣ್ಣು ಮಾಡಿದರು. ಕಾರ್ಖಾನೆಯ ಎದುರು, ರಸ್ತೆಯಾಚೆಯ ಇಳಿಜಾರು ಹೊಲ ಈಗ ಬಿಳಿಯ ನಿಶಾನ್‌ಗಳ ಬೆಟ್ಟ. ದೂರದಿಂದ ಸೋಗೆಹುಲ್ಲು ಹೂಬಿಟ್ಟಂತೆ ಕಾಣುತ್ತದೆ. ಹತ್ತಿರ ಹೋದರೆ ಹುಟ್ಟಿದ ವರ್ಷ ಒಂದೊಂದು ಕಲ್ಲಿಗೆ ಬೇರೆ ಬೇರೆ, ಸತ್ತ ವರ್ಷ ಎಲ್ಲಕ್ಕೂ ಒಂದೇ: 1995, 1995, 1995. ಒಂದು ಗೋರಿಯಲ್ಲಿ ಎರಡೂ ವರ್ಷ ಒಂದೇ. ಜುಲೈನ ಆ ಗಲಿಬಿಲಿಯಲ್ಲಿ ಈ ಬೇಲಿಯೊಳಗೇ ಹುಟ್ಟಿ ಬದುಕದೆ ಹೋದ ಹೆಣ್ಣುಕೂಸು ಅದು; 2013ರಲ್ಲಿ ಅಪ್ಪನ ಪಕ್ಕದಲ್ಲಿ ಮಲಗಿಸಿದರು.

ಗೋರಿಗಳ ನಡುವೆ ಅರ್ಧಚಂದ್ರದಂತೆ ಬಾಗಿದ ಕಲ್ಲಿನ ಗೋಡೆಗಳು. ಅವುಗಳ ಮೇಲೆ ಹೆಸರು, ಹೆಸರು, ಹೆಸರು. ಒಂದೇ ಮನೆತನದ ಹೆಸರು ಒಂದು ಕೈಯುದ್ದ ಇಳಿಯುತ್ತದೆ: ಅಪ್ಪ, ಮಕ್ಕಳು, ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳು. ಅಲ್ಲೇ ಇನ್ನೊಂದು ಕಲ್ಲಿನ ಮೇಲೆ ಕೆತ್ತಿದ ಸಂಖ್ಯೆ: 8372. ಅದರ ಮುಂದೆ ಮೂರು ಚುಕ್ಕಿ. ಎಣಿಕೆ ಮುಗಿದಿಲ್ಲ ಎಂದು ಅದರ ಅರ್ಥ. ಸರ್ಕಾರಿ ಸ್ಮಾರಕಗಳಲ್ಲಿ ಪೂರ್ಣವಿರಾಮ ನೋಡಿ ಅಭ್ಯಾಸವಾದ ಕಣ್ಣು ಆ ಚುಕ್ಕಿಗಳ ಮೇಲೆ ನಿಂತುಬಿಡುತ್ತದೆ.

ಜುಲೈ 10ರ ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಕಡೆಯಿಂದ ಜನ ಇಳಿಯತೊಡಗುತ್ತಾರೆ. ಶಾಂತಿ ನಡಿಗೆಯವರು. 1995ರಲ್ಲಿ ಬದುಕುಳಿದವರು ಕಾಡಿನಿಂದ ಹೊರಬಿದ್ದ ನೆಜುಕ್ ಎಂಬ ಊರಿನಿಂದ ಹೊರಟು, ಅದೇ ದಾರಿಯನ್ನು ತಿರುವುಮುರುವಾಗಿ, ಸುಮಾರು 100 ಕಿಲೋಮೀಟರ್, ಮೂರು ದಿನ ನಡೆದು ಬರುತ್ತಾರೆ. ಮೊಣಕಾಲವರೆಗೆ ಕೆಸರು, ತಲೆಗೆ ಕಟ್ಟಿದ ವಸ್ತ್ರ, ಬೊಬ್ಬೆ ಎದ್ದ ಕಾಲು. ಆಗ ಹುಟ್ಟಿಯೇ ಇರದ ಹುಡುಗರು ಇವರಲ್ಲಿ ಹೆಚ್ಚು. ಅಂದು ತಪ್ಪಿಸಿಕೊಂಡ ಕೆಲವು ನಡುವಯಸ್ಸಿನವರೂ ಇರುತ್ತಾರೆ. ಅವರು ದಾರಿಯ ಒಂದು ತೊರೆಯ ಹತ್ತಿರ, ಒಂದು ಮರದ ಹತ್ತಿರ ಸುಮ್ಮನೆ ನಿಲ್ಲುತ್ತಾರೆ. ಜೊತೆಯವರು ಕೇಳುವುದಿಲ್ಲ.

ಸಂಜೆ ತಾಬೂತುಗಳು ಕಾರ್ಖಾನೆ ಬಿಟ್ಟು ರಸ್ತೆ ದಾಟುತ್ತವೆ. ಗಂಡಸರು ಎದುರುಬದುರಾಗಿ ಎರಡು ಸಾಲು ನಿಲ್ಲುತ್ತಾರೆ. ಹಸಿರು ಪೆಟ್ಟಿಗೆ ತಲೆಗಳ ಮೇಲೆ ಕೈಯಿಂದ ಕೈಗೆ ಜಾರುತ್ತ ಹೋಗುತ್ತದೆ, ಹೊಳೆಯ ಮೇಲೆ ಹರಿಗೋಲು ತೇಲಿದಂತೆ. ಹೊತ್ತವನಿಗೆ ತಾನು ಹೊತ್ತದ್ದು ಯಾರನ್ನು ಎಂದು ತಿಳಿಯದು, ಎಲ್ಲರ ಬೆರಳೂ ತಾಗಿರುತ್ತದೆ.

ಮರುದಿನ ಹನ್ನೊಂದು. ಸುಡುಬಿಸಿಲು. ಎಲ್ಲರ ಎದೆಯ ಮೇಲೆ ಕ್ರೋಶಾ ಹೆಣಿಗೆಯ ಪುಟ್ಟ ಬಿಳಿ ಹೂವು, ಹನ್ನೊಂದು ಎಸಳು, ನಡುವೆ ಹಸಿರು. ವೇದಿಕೆಯ ಮೇಲೆ ರಾಯಭಾರಿಗಳು, ಮಂತ್ರಿಗಳು ಭಾಷಣ ಮಾಡುತ್ತಾರೆ. ಕೆಳಗೆ ಬಿಳಿ ವಸ್ತ್ರ ಹೊದ್ದ ತಾಯಂದಿರು ಗೋರಿಗೆ ಬೆನ್ನು ಆನಿಸಿ, ಕಲ್ಲನ್ನು ಸವರುತ್ತ ಕುಳಿತಿರುತ್ತಾರೆ. ಬೆಲ್‌ಗ್ರೇಡ್‌ನಿಂದ ಬಂದ ಕಪ್ಪುಡುಗೆಯ ಸರ್ಬ್ ಹೆಂಗಸರೂ ಇರುತ್ತಾರೆ; ಯುದ್ಧಕಾಲದಿಂದಲೂ ತಮ್ಮ ಸರ್ಕಾರವನ್ನು ಪ್ರಶ್ನಿಸುತ್ತ ಬಂದ 'ಕಪ್ಪುಡುಗೆಯ ಸ್ತ್ರೀಯರು' ಸಂಘಟನೆಯವರು. ನಮಾಜು ಮುಗಿದೊಡನೆ ಧ್ವನಿವರ್ಧಕದಲ್ಲಿ ಹೆಸರುಗಳನ್ನು ಓದುತ್ತಾರೆ. ಆಮೇಲೆ ಸಲಿಕೆಯ ಸದ್ದು. ಒಬ್ಬರಿಂದೊಬ್ಬರು ಸಲಿಕೆ ಕಸಿದುಕೊಂಡು ಮಣ್ಣೆಳೆಯುತ್ತಾರೆ. ಹಲಗೆಯ ಮೇಲೆ ಬೀಳುವ ಮೊದಲ ಮಣ್ಣಿನ ಸದ್ದು ಟೊಳ್ಳು, ಬರಬರುತ್ತ ಮಂದ. ತಲೆಯ ಬಳಿ ಹಸಿರು ಬಣ್ಣದ ಮರದ ಗುರುತು ನೆಡುತ್ತಾರೆ. ಕಲ್ಲು ಆಮೇಲೆ.

ಈ ಮಣ್ಣಿಗೆ ಇನ್ನೊಂದು ಕೊಂಡಿ ಹೇಗ್ ನಗರದ ಯುದ್ಧಾಪರಾಧಗಳ ನ್ಯಾಯಮಂಡಳಿಯಲ್ಲಿದೆ. 2001ರ ಆಗಸ್ಟ್ 2ರಂದು ಬೋಸ್ನಿಯನ್ ಸರ್ಬ್ ಸೇನೆಯ ಜನರಲ್ ರಾದಿಸ್ಲಾವ್ ಕ್ರಿಸ್ತಿಚ್‌ಗೆ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು ಸ್ರೆಬ್ರೆನಿತ್ಸಾದಲ್ಲಿ ನಡೆದದ್ದು ಜನಾಂಗಹತ್ಯೆ ಎಂದರು. ನಮ್ಮ ಪತ್ರಿಕೆಗಳಲ್ಲಿ ನರಮೇಧ ಎಂಬ ಮಾತು ದೊಡ್ಡ ಸಾವಿಗೆಲ್ಲ ಬಳಕೆಯಾಗುತ್ತದೆ. ಕಾನೂನಿನ ಪದ ಬೇರೆ ಕೇಳುತ್ತದೆ: ಎಷ್ಟು ಜನ ಸತ್ತರು ಎನ್ನುವುದರ ಜೊತೆಗೆ, ಒಂದು ಸಮುದಾಯವನ್ನು ಇಡಿಯಾಗಿಯೋ ಭಾಗಶಃವೋ ಅಳಿಸುವ ಉದ್ದೇಶವಿತ್ತೇ? ನ್ಯಾಯಾಧೀಶರು ಹೀಗೆ ನೋಡಿದರು: ಗಂಡಸರನ್ನೆಲ್ಲ ಕೊಂದು, ಹೆಂಗಸರನ್ನು ಹೊರಹಾಕಿದರೆ ಆ ಊರಿನಲ್ಲಿ ಆ ಜನ ಮತ್ತೆ ತಲೆಯೆತ್ತುವುದಿಲ್ಲ ಎಂಬುದು ಕೊಂದವರಿಗೆ ಗೊತ್ತಿತ್ತು. ಶವಗಳನ್ನು ಬಚ್ಚಿಟ್ಟದ್ದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. 2004ರ ಮೇಲ್ಮನವಿಯಲ್ಲಿ ಕ್ರಿಸ್ತಿಚ್‌ನ ಪಾತ್ರ ನೆರವು ನೀಡಿದ್ದೆಂದು ಇಳಿದು ಶಿಕ್ಷೆ 35 ವರ್ಷಕ್ಕೆ ಬಂದಿತು, ಆದರೆ ಜನಾಂಗಹತ್ಯೆ ಎಂಬ ತೀರ್ಮಾನ ಕದಲಲಿಲ್ಲ. ಆ ಪೀಠದ ಮುಖ್ಯಸ್ಥರು ಥಿಯೊಡೋರ್ ಮೆರೊನ್, ಬಾಲ್ಯದಲ್ಲಿ ನಾಜಿ ಶ್ರಮಶಿಬಿರ ಕಂಡು ಬದುಕಿ ಬಂದವರು.

2005ರ ಜೂನ್ 1ರಂದು ಅಲ್ಲೇ, ಸರ್ಬಿಯಾದ ಮಾಜಿ ಅಧ್ಯಕ್ಷ ಮಿಲೊಶೆವಿಚ್‌ನ ವಿಚಾರಣೆಯಲ್ಲಿ ಒಂದು ವಿಡಿಯೊ ತೋರಿಸಿದರು. ಬೆಲ್‌ಗ್ರೇಡ್‌ನ ಮಾನವ ಹಕ್ಕುಗಳ ಹೋರಾಟಗಾರ್ತಿ ನತಾಶಾ ಕಾಂದಿಚ್ ಪತ್ತೆಹಚ್ಚಿದ್ದು. 'ಸ್ಕಾರ್ಪಿಯನ್ಸ್' ಎಂಬ ಪಡೆಯವರು ಕೈಕಟ್ಟಿದ ಆರು ಮಂದಿಯನ್ನು ಲಾರಿಯಿಂದ ಇಳಿಸಿ ಕೊಲ್ಲುವ ದೃಶ್ಯ, ತೆಗೆದವರೂ ಅವರೇ. ಅದು ಟಿವಿಯಲ್ಲಿ ಬಂದಾಗ ಒಬ್ಬ ತಾಯಿ ಪರದೆಯ ಮೇಲೆ ತನ್ನ ಮಗನನ್ನು ಗುರುತಿಸಿದಳು.

ಮ್ಲಾದಿಚ್ ಹದಿನಾರು ವರ್ಷ ತಲೆಮರೆಸಿಕೊಂಡಿದ್ದು 2011ರಲ್ಲಿ ಸಿಕ್ಕಿಬಿದ್ದ. 2017ರಲ್ಲಿ ಜೀವಾವಧಿ, 2021ರಲ್ಲಿ ಅದು ಖಾಯಂ. ಬೋಸ್ನಿಯನ್ ಸರ್ಬರ ಯುದ್ಧಕಾಲದ ನಾಯಕ ಕರಾಜಿಚ್‌ಗೂ 2019ರಲ್ಲಿ ಜೀವಾವಧಿ. ದೇಶಗಳ ಹೊಣೆಯೂ ತಕ್ಕಡಿಗೆ ಬಂದಿತು. 2007ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಸರ್ಬಿಯಾ ತಾನೇ ಈ ಕೃತ್ಯ ನಡೆಸಿತೆಂದು ಹೇಳಲಿಲ್ಲ. ತಡೆಯಬೇಕಾದ್ದನ್ನು ತಡೆಯಲಿಲ್ಲ, ಶಿಕ್ಷಿಸಬೇಕಾದವರನ್ನು ಶಿಕ್ಷಿಸಲಿಲ್ಲ ಎಂದಿತು. ಡಚ್ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ, ಬೇಲಿಯೊಳಗಿನಿಂದ ಹೊರಗೆ ಕಳಿಸಿದ 350 ಗಂಡಸರ ಸಾವಿಗೆ ತನ್ನ ದೇಶದ ಹೊಣೆ ಶೇ. 10 ಎಂದು ಲೆಕ್ಕ ಹಾಕಿತು. ಮಗನ ಸಾವಿನಲ್ಲಿ ಹತ್ತನೆಯ ಒಂದು ಪಾಲು. ಈ ಗಣಿತ ನನ್ನ ಎದೆಗೆ ಇಳಿಯುವುದಿಲ್ಲ. 2022ರಲ್ಲಿ ಡಚ್ ರಕ್ಷಣಾ ಸಚಿವೆ ಪೊತೊಚಾರಿಯಲ್ಲೇ ನಿಂತು ಕ್ಷಮೆ ಕೇಳಿದರು. ಆ ಹೊತ್ತಿಗೆ ಕೇಳಿಸಿಕೊಳ್ಳಬೇಕಿದ್ದ ಎಷ್ಟೋ ತಾಯಂದಿರು ಇರಲಿಲ್ಲ.

ವಿಶ್ವಸಂಸ್ಥೆಯ ಮಹಾಸಭೆ ಜುಲೈ 11ನ್ನು ಅಂತರರಾಷ್ಟ್ರೀಯ ಸ್ಮರಣೆಯ ದಿನವೆಂದು ಗೊತ್ತುಮಾಡಿದ್ದು 2024ರ ಮೇ 23ರಂದು. ಗೊತ್ತುವಳಿ ತಂದವರು ಜರ್ಮನಿ ಮತ್ತು ರುವಾಂಡಾ, ಎರಡೂ ತಮ್ಮ ನೆಲದ ಸ್ಮರಣೆಯ ಭಾರ ಹೊತ್ತ ದೇಶಗಳು. ಪರವಾಗಿ 84, ವಿರುದ್ಧ 19. ದೂರ ಉಳಿದವರು 68, ಅವರಲ್ಲಿ ಭಾರತವೂ ಒಂದು. ರಾಜತಾಂತ್ರಿಕತೆಗೆ ಅದರದೇ ಕಾರಣಗಳಿರುತ್ತವೆ ಎಂದು ಬಲ್ಲೆ. ಆದರೂ ಆ ಪಟ್ಟಿಯಲ್ಲಿ ನನ್ನ ದೇಶದ ಹೆಸರು ಓದಿದಾಗ ನೋವಾಯಿತು, ಇವತ್ತಿಗೂ ಆಗುತ್ತದೆ.

ಸಭೆ ಒಪ್ಪಿದರೂ ನೆರೆಮನೆ ಒಪ್ಪಿಲ್ಲ. ಬೋಸ್ನಿಯಾದ ಸರ್ಬ್ ಭಾಗದ ಸರ್ಕಾರ 2004ರಲ್ಲಿ ತಾನೇ ನೇಮಿಸಿದ ಸಮಿತಿಯ ಮೂಲಕ ಕೊಲೆಗಳನ್ನು ಒಪ್ಪಿಕೊಂಡಿತ್ತು. 2018ರಲ್ಲಿ ಅದರ ಶಾಸನಸಭೆ ಆ ವರದಿಯನ್ನೇ ರದ್ದು ಮಾಡಿತು. 2021ರಲ್ಲಿ ಉನ್ನತ ಪ್ರತಿನಿಧಿ ವಾಲೆಂಟಿನ್ ಇಂಜ್ಕೊ, ಜನಾಂಗಹತ್ಯೆಯನ್ನು ಅಲ್ಲಗಳೆಯುವುದನ್ನು ಅಪರಾಧವಾಗಿಸುವ ಕಾನೂನು ಹೇರಬೇಕಾಯಿತು. ಸರ್ಬರಿಗೂ ತಮ್ಮ ಸತ್ತವರಿದ್ದಾರೆ. ಅದೇ ಕ್ರಾವಿತ್ಸಾ ಊರಿನ ಮೇಲೆ 1993ರ ಜನವರಿ 7ರಂದು, ಅವರ ಕ್ರಿಸ್ಮಸ್ ದಿನ, ಬೋಸ್ನಿಯಾಕ್ ಪಡೆಗಳು ದಾಳಿ ಮಾಡಿ ಜನರನ್ನು ಕೊಂದಿದ್ದವು. ಆ ಮನೆಗಳ ಮುಂದೆಯೂ ತಲೆಬಾಗಬೇಕು. ಆದರೆ ಒಂದು ಗೋರಿಯನ್ನು ತೋರಿಸಿ ಇನ್ನೊಂದು ಗೋರಿ ಇಲ್ಲವೆನ್ನುವುದು ಇಬ್ಬರ ಸತ್ತವರಿಗೂ ಮಾಡುವ ಅನ್ಯಾಯ. ಇತ್ತ, ಒಂದು ಅಚ್ಚರಿಯೂ ನಡೆಯಿತು. ಎರಡು ದಶಕಕ್ಕೂ ಮಿಕ್ಕಿ ಜೈಲಿನಲ್ಲಿ ಕಳೆದ ಕ್ರಿಸ್ತಿಚ್, 2024ರಲ್ಲಿ ನ್ಯಾಯಮಂಡಳಿಗೆ ಬರೆದ ಪತ್ರದಲ್ಲಿ ಜನಾಂಗಹತ್ಯೆ ನಡೆದದ್ದು ನಿಜವೆಂದು ಒಪ್ಪಿಕೊಂಡ. ಬಿಡುಗಡೆ ಕೇಳುವ ಹೊತ್ತಿನ ಮಾತು ಅದು; ಎಷ್ಟು ತೂಕ ಕೊಡಬೇಕೆಂದು ತಾಯಂದಿರೇ ಹೇಳಬೇಕು.

ಆ ತಾಯಂದಿರು ಜುಲೈಗಾಗಿ ಕಾದವರಲ್ಲ. ತುಜ್ಲಾದಲ್ಲಿ 'ಸ್ರೆಬ್ರೆನಿತ್ಸಾದ ಹೆಂಗಸರು' ಸಂಘದವರು ಪ್ರತಿ ತಿಂಗಳ ಹನ್ನೊಂದರಂದು ಬೀದಿಗಿಳಿಯುತ್ತ ಬಂದರು, ಕಾಣೆಯಾದವರ ಹೆಸರು ಕಸೂತಿ ಹಾಕಿದ ದಿಂಬಿನ ಚೀಲಗಳನ್ನು ಒಂದಕ್ಕೊಂದು ಹೊಲಿದು ಹಿಡಿದುಕೊಂಡು. ತಲೆಯಿಟ್ಟು ಮಲಗಬೇಕಾದ ಬಟ್ಟೆಯ ಮೇಲೆ ಹೆಸರು. ಸಂಘದ ಮುಂದಾಳು ಹಾಯ್ರಾ ಚಾತಿಚ್. ಅವರ ಮಗ ನಿಹಾದ್ ಪತ್ರಕರ್ತ. ಮುತ್ತಿಗೆಯೊಳಗಿನಿಂದ ರೇಡಿಯೊ ಮೂಲಕ ಸುದ್ದಿ ಕಳಿಸುತ್ತಿದ್ದ. ಕೊನೆಯ ವರದಿ ಕಳಿಸಿದ್ದು 1995ರ ಜುಲೈ 10ರಂದು. ಆಮೇಲೆ ಕಾಡಿನ ಸಾಲಿನಲ್ಲಿ ಸೇರಿಕೊಂಡ. ಹಾಯ್ರಾ 26 ವರ್ಷ ಹುಡುಕಿದರು. ಒಂದೇ ಒಂದು ಮೂಳೆ ಸಾಕು ಎನ್ನುವಲ್ಲಿಗೆ ಆಸೆ ಇಳಿದಿತ್ತು. 2021ರಲ್ಲಿ ಅವರು ತೀರಿಕೊಂಡಾಗಲೂ ಅದು ಸಿಕ್ಕಿರಲಿಲ್ಲ.

ಸ್ಮಾರಕದ ಕಾರ್ಖಾನೆಯೊಳಗೆ ಈಗ ಹಿಡಿಯಿಲ್ಲದ ಪುಟ್ಟ ಕಾಫಿ ಬಟ್ಟಲುಗಳ ಸಂಗ್ರಹವಿದೆ. ಗಂಡ ಹೋದ ಮೇಲೆ ಕೊರತೆ ಯಾವುದು ಎಂದರೆ, ಜೊತೆಗೆ ಕುಳಿತು ಕಾಫಿ ಕುಡಿಯಲು ಯಾರೂ ಇಲ್ಲ ಎಂದು ಅಲ್ಲಿನ ಹೆಂಗಸರು ಹೇಳುತ್ತಿದ್ದರು. ಆ ಮಾತನ್ನು ಹಿಡಿದು ಕಲಾವಿದೆ ಐದಾ ಶೆಹೊವಿಚ್ 2006ರಿಂದ ಪ್ರತಿ ಜುಲೈ 11ಕ್ಕೆ ಒಂದೊಂದು ಊರಿನ ಚೌಕದಲ್ಲಿ ಬಟ್ಟಲಿಟ್ಟು, ದಾರಿಹೋಕರಿಂದ ಕಾಫಿ ತುಂಬಿಸಿ, ಯಾರೂ ಕುಡಿಯದಂತೆ ಬಿಟ್ಟರು. 'ಏಕೆ ನೀನಿಲ್ಲ' ಎಂದು ಅದರ ಹೆಸರು. ಬಟ್ಟಲುಗಳನ್ನು ಮನೆಮನೆಯವರು ಕೊಟ್ಟರು. 2020ರಲ್ಲಿ ಪೊತೊಚಾರಿಯ ಹುಲ್ಲಿನ ಮೇಲೆ 8372 ಬಟ್ಟಲು ತುಂಬಿದಾಗ ಅದರ ಅಲೆದಾಟ ನಿಂತಿತು.

ಜುಲೈ ಕಳೆದು ಮಂತ್ರಿಗಳ ಕಾರುಗಳು ಹೋದ ಮೇಲೆ, ಚಳಿ ಬಂದು ಹೋಗಿ, ಮಣ್ಣು ಮೆತ್ತಗಾಗುವ ಹೊತ್ತಿಗೆ, ಆ ಬಿಳಿ ಕಲ್ಲುಗಳ ನಡುವೆ ಮತ್ತೆ ಗುದ್ದಲಿ ಕಾಣುತ್ತದೆ. ಎಲ್ಲೋ ಒಂದು ಹಳ್ಳದಲ್ಲಿ ಹೊಸದಾಗಿ ಸಿಕ್ಕ ಮೂಳೆ, ಹತ್ತು ವರ್ಷದ ಹಿಂದೆ ಮಣ್ಣು ಮಾಡಿದವನದೇ ಎಂದು ತುಜ್ಲಾದಿಂದ ತಿಳಿದಿರುತ್ತದೆ. ವೇದಿಕೆ ಇಲ್ಲ, ಧ್ವನಿವರ್ಧಕವಿಲ್ಲ. ಮುಚ್ಚಿದ್ದ ಗೋರಿಯನ್ನು ನಾಲ್ಕೈದು ಜನ ಮೆಲ್ಲಗೆ ತೆರೆಯುತ್ತಾರೆ, ಅವನ ಕೈಬೆರಳನ್ನು ಅವನಿಗೇ ಕೊಟ್ಟು, ಮತ್ತೆ ಮುಚ್ಚುತ್ತಾರೆ.